ಷಡ್ಜವೊಂದು, ಗಾಂಧಾರವೆರಡು: ಬ್ಲೂಸ್ ಗಿಟಾರ್ ವಾದನದಲ್ಲಿ ಮೂರ್ಛನೆಗಳ ಅಭ್ಯಾಸ

ಬೆಳಗಾವಿ ಜಿಲ್ಲೆಯ ದಕ್ಷಿಣಕ್ಕೂ ಪೂರ್ವಕ್ಕೂ ಮಲಪ್ರಭೆಯ ಆಸುಪಾಸಿನಲ್ಲಿ ಹಬ್ಬಿಕೊಂಡಿರುವ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳು ಹಾಡಿಕೆಯ ನಾಡೆಂದು ಹೆಸರಾದವು. ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಇವರನ್ನು ಕುರಿತ ಲಾವಣಿಗಳನ್ನೂ, ಬೈಲಹೊಂಗಲದಲ್ಲಿ ನಡೆದುದೆಂದು ಹೇಳಲಾಗುವ ಕೊಲೆಯ ಪ್ರಸಂಗದಿಂದ ಹುಟ್ಟಿದ ‘ಸಂಗ್ಯಾ-ಬಾಳ್ಯಾ’ ಸಣ್ಣಾಟವನ್ನೂ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಕೇಳಿಬರುವ ಚೌಡಿಕೆ ಪದಗಳನ್ನೂ, ಊರೂರಿನ ಭಜನಾ ಮೇಳಗಳನ್ನೂ ಬಲ್ಲವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಇಂಥ ನಾಡಿನ ಕೆಲವು ತರುಣರು ಈಚಿನ ವರ್ಷಗಳಲ್ಲಿ ಗಿಟಾರನ್ನು ಕೈಗೆತ್ತಿಕೊಂಡು, ಅಮೇರಿಕದ ಕಪ್ಪು ಜನರ ಹಾಡಿಕೆಯಾದ ಬ್ಲೂಸನ್ನು ಅಭ್ಯಾಸ ಮಾಡತೊಡಗಿದ್ದಾರೆ. ಅವರಿಗೆ ಗುರುವೆಂದರೆ ಬಹುಮಟ್ಟಿಗೆ ಮೊಬೈಲಿನ ಪರದೆ. ಪಠ್ಯವೆಂದರೆ ಗಿಟಾರಿನ ಮೇಲೆ ಬೆರಳನ್ನು ಎಲ್ಲೆಲ್ಲಿ ಇಡಬೇಕೆಂಬುದನ್ನು ಚುಕ್ಕೆಗಳಿಂದ ತೋರಿಸುವ ನಕ್ಷೆ. ಈ ನಕ್ಷೆಗಳಿಂದ ಅವರು ಏಳು ‘ಮೋಡ್’ಗಳನ್ನು, ಅಂದರೆ ಏಳು ಮೂರ್ಛನೆಗಳನ್ನು, ಕಂಠಪಾಠ ಮಾಡುತ್ತಾರೆ. ಆದರೆ ಅವುಗಳಿಂದ ಒಂದು ಹಾಡನ್ನು ಕಟ್ಟಲು ಅವರಿಗೆ ಬಾರದು. ಇದಕ್ಕೆ ಕಾರಣವೇನು, ಈ ಭಾಗದ ಹಾಡಿಕೆಯಲ್ಲಿಯೇ ಅದಕ್ಕೆ ಪರಿಹಾರ ಉಂಟೇ ಎಂಬುದು ಪ್ರಸ್ತುತ ಲೇಖನದ ವಿಷಯ.

ವಿಷಯಪ್ರವೇಶಕ್ಕೆ ಒಂದು ನಿದರ್ಶನವನ್ನು ಕೊಡುವುದು ಉಚಿತ. ರಾಮದುರ್ಗದ ಕಡೆಯ ಒಬ್ಬ ವಿದ್ಯಾರ್ಥಿ ಕೆಲವು ವರ್ಷಗಳ ಹಿಂದೆ ಈ ಲೇಖಕನಲ್ಲಿಗೆ ಬಂದಿದ್ದನು. ಮನೆತನದಲ್ಲಿ ಭಜನೆಯ ವಾಡಿಕೆ; ಚಿಕ್ಕಂದಿನಿಂದ ಹಾರ್ಮೋನಿಯಂ ನುಡಿಸಿದ ಕೈ. ಗಿಟಾರಿನಲ್ಲಿ ಏಳೂ ಮೂರ್ಛನೆಗಳನ್ನು ಆರೋಹ ಅವರೋಹಗಳಲ್ಲಿ ಅತಿ ವೇಗದಿಂದ ನುಡಿಸಿ ತೋರಿಸಿದನು. ಕೇಳಿದರೆ ಏಳೂ ಒಂದೇ! ಬೇರೆ ಬೇರೆ ಮೆಟ್ಟಿನಿಂದ ಹೊರಟರೂ ಎಲ್ಲವೂ ಒಂದೇ ಮನೆಯ ಅಂಗಳದಲ್ಲಿ ಓಡಾಡಿದಂತೆ ಕೇಳುತ್ತಿದ್ದವು. ಅದೇ ಹುಡುಗನನ್ನು ಹಾರ್ಮೋನಿಯಂ ಮುಂದೆ ಕೂರಿಸಿ, ಕಾಫಿಯಲ್ಲೊಂದು ಪದ ನುಡಿಸು ಎಂದಾಗ, ನಾಲ್ಕನೆಯ ಸ್ವರಕ್ಕೆ ಬರುವುದರೊಳಗಾಗಿ ಕಾಫಿ ಅಲ್ಲಿ ಬಂದು ನಿಂತಿತ್ತು. ಒಂದು ಕೈಗೆ ಗೊತ್ತಿದ್ದುದು ಇನ್ನೊಂದು ಕೈಗೆ ಗೊತ್ತಿರಲಿಲ್ಲ. ಕಿವಿಗಂತೂ ಎರಡೂ ಗೊತ್ತಿದ್ದವು. ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಮೂರ್ಛನೆಯೆಂಬುದು ಸ್ವರಗಳ ಕಟ್ಟಲ್ಲ. ಆ ಸ್ವರಗಳಿಗೂ ಷಡ್ಜಕ್ಕೂ ಇರುವ ಸಂಬಂಧ. ಹಾರ್ಮೋನಿಯಂನ ಬಿಳಿಯ ಮನೆಗಳನ್ನಷ್ಟೇ ತೆಗೆದುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ನಮ್ಮ ಕಡೆಯ ಪೇಟಿ ಮಾಸ್ತರರು ಬಿಳಿಯ ಮನೆಗಳನ್ನು ‘ಪಾಂಢರಿ’ ಎಂದೂ ಕರಿಯ ಮನೆಗಳನ್ನು ‘ಕಾಳಿ’ ಎಂದೂ ಕರೆದು, ಪಾಂಢರಿ ಒಂದು, ಪಾಂಢರಿ ಎರಡು ಎಂದು ಎಣಿಸುವುದು ವಾಡಿಕೆ. ಪಾಂಢರಿ ಒಂದನ್ನು ಷಡ್ಜವಾಗಿ ಹಿಡಿದು ಬಿಳಿಯ ಮನೆಗಳಲ್ಲಿಯೇ ನಡೆದರೆ ಬಿಲಾವಲ ಥಾಟ ದೊರೆಯುತ್ತದೆ. ಮನೆಗಳನ್ನು ಬದಲಿಸದೆ ಪಾಂಢರಿ ಎರಡನ್ನು ಷಡ್ಜ ಮಾಡಿಕೊಂಡರೆ ಕಾಫಿ, ಮೂರನ್ನು ಮಾಡಿಕೊಂಡರೆ ಭೈರವಿ, ನಾಲ್ಕರಿಂದ ಕಲ್ಯಾಣ, ಐದರಿಂದ ಖಮಾಜ, ಆರರಿಂದ ಆಸಾವರಿ. ಏಳರಿಂದ ಹೊರಟರೆ ಶುದ್ಧ ಪಂಚಮವೇ ಸಿಗದಾದುದರಿಂದ ಅದಕ್ಕೆ ನಮ್ಮ ಪದ್ಧತಿಯಲ್ಲಿ ಥಾಟವಿಲ್ಲ. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಹೇಳಿದ ಹತ್ತು ಥಾಟಗಳಲ್ಲಿ ಆರು ಹೀಗೆ ಬರಿಯ ಬಿಳಿಯ ಮನೆಗಳಲ್ಲಿಯೇ ಅಡಗಿವೆ. ಭೈರವ, ಪೂರ್ವಿ, ಮಾರವಾ, ತೋಡಿ ಈ ನಾಲ್ಕು ಮಾತ್ರ ಹೊರಗುಳಿಯುತ್ತವೆ. ಪಾಶ್ಚಾತ್ಯರು ಇವನ್ನೇ ಅನುಕ್ರಮವಾಗಿ ಐಯೋನಿಯನ್, ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೋಲಿಡಿಯನ್, ಏಯೋಲಿಯನ್ ಎಂದು ಕರೆಯುತ್ತಾರೆ. ಹೆಸರು ಗ್ರೀಕರದು, ಸ್ವರಗಳು ಭಜನೆಯ ಪೇಟಿಯಲ್ಲಿಯೂ ಇರುವಂಥವು.

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಪಾಂಢರಿ ಎರಡರಿಂದ ಹೊರಟ ಮಾತ್ರಕ್ಕೆ ಕಾಫಿ ಆಗದು. ಪಾಂಢರಿ ಎರಡು ಷಡ್ಜವೆಂದು ಕಿವಿ ಒಪ್ಪಬೇಕು. ಒಪ್ಪಿಸುವುದು ಯಾವುದು? ತಂಬೂರಿಯೋ, ಪೇಟಿಯ ಶ್ರುತಿಯೋ, ಲಾವಣಿಕಾರನ ತುಂತುಣಿಯೋ, ಒಂದು ಆಧಾರಶ್ರುತಿ. ಅದಿಲ್ಲದೆ ಏಳು ಕಡೆಯಿಂದ ಹೊರಟರೂ ಕಿವಿ ತಾನು ಮೊದಲು ಹಿಡಿದ ಷಡ್ಜವನ್ನು ಬಿಡುವುದಿಲ್ಲ. ನಮ್ಮ ವಿದ್ಯಾರ್ಥಿಯ ಏಳು ಮೋಡ್‌ಗಳು ಒಂದೇ ಆಗಿ ಕೇಳಿಸಿದ್ದು ಇದೇ ಕಾರಣದಿಂದ. ನಕ್ಷೆಯಲ್ಲಿ ಬೆರಳಿನ ಸ್ಥಾನವಿದೆ, ಷಡ್ಜವಿಲ್ಲ.

ಈ ಆಧಾರಶ್ರುತಿಯ ಸಂಸ್ಕಾರ ನಾಲ್ಕೂ ತಾಲೂಕುಗಳ ಹಾಡಿಕೆಯಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂಬುದನ್ನು ನೋಡಲು ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕು. ಜೋಗತಿಯರ ಮೇಳದಲ್ಲಿ ಚೌಡಿಕೆ, ಶ್ರುತಿ, ತಾಳ ಇಷ್ಟೇ ವಾದ್ಯಗಳು. ಶ್ರುತಿಯೆಂದರೆ ಒಂದೇ ತಂತಿಯನ್ನು ಮೀಟಿ ಒಂದೇ ನಾದವನ್ನು ಬಿಡದೆ ಕೊಡುವ ವಾದ್ಯ. ಚೌಡಿಕೆಗೂ ಒಂದೇ ತಂತಿ. ಅದು ಚರ್ಮದ ಮುಚ್ಚಳಿಕೆಯುಳ್ಳ ಕೊಳಗದಂಥ ಒಡಲಿನಿಂದ ಹೊರಟು ಕೋಲಿನ ತುದಿಯ ಗೂಟಕ್ಕೆ ಬಿಗಿದಿರುತ್ತದೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಮೀಟುತ್ತಾರೆ. ಮೆಟ್ಟಿಲ್ಲ, ಮನೆಯಿಲ್ಲ, ತಂತಿಯ ಬಿಗಿಯನ್ನು ಹೆಚ್ಚು ಕಡಿಮೆ ಮಾಡಿದಂತೆ ಸ್ವರ ಮೇಲೆ ಕೆಳಗೆ ಸರಿಯುತ್ತದೆ. ಹಾಡಿನ ಸಾಲು ಮುಗಿದೊಡನೆ ಚೌಡಿಕೆ ಅದನ್ನೇ ಅನುಕರಿಸಿ ಮಾತಾಡುವುದನ್ನು ಕೇಳಿದವರು ಮರೆಯಲಾರರು. ಈ ವಾದ್ಯವನ್ನು ಉಳಿಸಿಕೊಂಡು ಬಂದವರು ಬಹುಪಾಲು ದೇವಿಗೆ ಬಿಡಲ್ಪಟ್ಟ ದಲಿತ ಹೆಣ್ಣುಮಕ್ಕಳೆಂಬುದನ್ನೂ, ಹಾಗೆ ಬಿಡುವುದನ್ನು 1982ರ ಕರ್ನಾಟಕದ ಕಾನೂನು ನಿಷೇಧಿಸಿದೆಯೆಂಬುದನ್ನೂ ಇಲ್ಲಿ ಹೇಳದೆ ಮುಂದೆ ಹೋಗುವುದು ತರವಲ್ಲ. ವಾದ್ಯದ ಸೊಗಸನ್ನು ಹೊಗಳುವಾಗ ಅದರ ಹಿಂದಿನ ಬಾಳುವೆಯನ್ನು ಮರೆಮಾಚಬಾರದು.

ಬ್ಲೂಸಿನ ಹುಟ್ಟೂ ಇಂಥದೇ. ಮಿಸಿಸಿಪಿ ನದಿಯ ಬಯಲಿನಲ್ಲಿ ಹತ್ತಿಯ ಹೊಲಗಳಲ್ಲಿ ದುಡಿದ, ಹಿಂದಿನ ತಲೆಮಾರುಗಳಲ್ಲಿ ಗುಲಾಮರಾಗಿದ್ದ ಜನರ ಹಾಡಿಕೆ ಅದು. ಅಲ್ಲಿಯ ಬಡ ಹುಡುಗರು ಮನೆಯ ಗೋಡೆಗೆ ಒಂದು ತಂತಿಯನ್ನು ಮೊಳೆ ಹೊಡೆದು ಬಿಗಿದು, ಅದರ ಮೇಲೆ ಬಾಟಲಿಯನ್ನು ಜಾರಿಸಿ ನುಡಿಸುತ್ತಿದ್ದ ‘ಡಿಡ್ಲೀ ಬೋ’ ಎಂಬ ಏಕತಂತಿಯೇ ಅನೇಕ ಗಿಟಾರ್ ವಾದಕರ ಮೊದಲನೆಯ ವಾದ್ಯವಾಗಿತ್ತು. ಚೌಡಿಕೆಗೂ ಅದಕ್ಕೂ ಯಾವ ವಂಶಸಂಬಂಧವೂ ಇಲ್ಲವೆಂಬುದನ್ನು ಒತ್ತಿ ಹೇಳಬೇಕು. ಸಾಮ್ಯ ಕಂಡಲ್ಲೆಲ್ಲ ಸಂಬಂಧವನ್ನು ಕಲ್ಪಿಸುವ ಚಾಳಿ ನಮ್ಮ ವಿದ್ವಾಂಸರಲ್ಲಿ ಹೆಚ್ಚು. ಒಂದೇ ತಂತಿಯಿಂದ ಹಾಡಿನ ಮಾತಿಗೆ ಮಾತು ಕೊಡಬೇಕಾದಾಗ ಮನುಷ್ಯನ ಕೈ ಎರಡೂ ಕಡೆ ಮೆಟ್ಟುಗಳ ನಡುವಣ ಸ್ವರವನ್ನು ಅರಸಿತೆಂಬುದಷ್ಟೇ ಇಲ್ಲಿಯ ತಾತ್ಪರ್ಯ.

ಇನ್ನು ಬ್ಲೂಸಿನ ರಚನೆಯನ್ನು ನೋಡೋಣ. ಡಬ್ಲ್ಯು. ಸಿ. ಹ್ಯಾಂಡಿಯು 1912ರಲ್ಲಿ ‘ಮೆಂಫಿಸ್ ಬ್ಲೂಸ್’ ಎಂಬ ಕೃತಿಯನ್ನು ಅಚ್ಚು ಹಾಕಿಸಿದ ಕಾಲದಿಂದ ಬಹುಮಟ್ಟಿಗೆ ಸ್ಥಿರಪಟ್ಟಿರುವ ರೂಪವೆಂದರೆ ಹನ್ನೆರಡು ಖಂಡಗಳ ಆವೃತ್ತಿ. ಒಂದೊಂದು ಖಂಡಕ್ಕೆ ನಾಲ್ಕು ಮಾತ್ರೆಗಳಂತೆ ಒಟ್ಟು 48 ಮಾತ್ರೆಗಳು. ಹಾಡಿನಲ್ಲಿ ಮೂರು ಸಾಲು. ಮೊದಲನೆಯ ಸಾಲನ್ನೇ ಎರಡನೆಯದಾಗಿ ತಿರುಗಿ ಹಾಡಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಹೇಳುತ್ತಾರೆ. ಸಾಲಿಗೆ 16 ಮಾತ್ರೆಗಳಾದುವು. ತಬಲಾ ಬಲ್ಲವರಿಗೆ ಇದು ತ್ರಿತಾಲದ ಮೂರು ಆವರ್ತನಗಳೆಂದು ಹೇಳಿದರೆ ಸಾಕು. ಪ್ರತಿ ಮಾತ್ರೆಯೂ ಒಳಗೆ ಮೂರಾಗಿ ಒಡೆದು ತೂಗಾಡುತ್ತದೆಂಬುದೊಂದು ಭೇದ. ಹಾಡುಗಾರನು ಹದಿನಾರು ಮಾತ್ರೆಗಳನ್ನೂ ತುಂಬುವುದಿಲ್ಲ; ಸುಮಾರು ಅರ್ಧದಲ್ಲಿ ತನ್ನ ಮಾತನ್ನು ಮುಗಿಸಿ ಉಳಿದುದನ್ನು ಗಿಟಾರಿಗೆ ಬಿಡುತ್ತಾನೆ. ಗೀಗೀ ಪದದಲ್ಲಿ ಹಿಮ್ಮೇಳ ಎತ್ತಿಕೊಳ್ಳುವ ಎಡೆಯೇ ಇದು. ಬಿ. ಬಿ. ಕಿಂಗ್ (1925–2015) ಹಾಡುವಾಗ ಗಿಟಾರನ್ನು ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಕಂಠ ಬಿಟ್ಟಲ್ಲಿ ತಂತಿ ಹಿಡಿಯುತ್ತಿತ್ತು. ‘ಲೀಡ್’ ಎಂಬ ಹೆಸರನ್ನು ಕೇಳಿ ಅದು ಮುಮ್ಮೇಳವೆಂದು ತಿಳಿದ ನಮ್ಮ ತರುಣರು ಹಾಡಿನ ಮೈಮೇಲೆಲ್ಲ ಸ್ವರಗಳನ್ನು ಸುರಿಯುತ್ತಾರೆ. ಸಣ್ಣಾಟದ ಪೇಟಿ ಮಾಸ್ತರನು ಪಾತ್ರಧಾರಿ ಹಾಡುತ್ತಿರುವಾಗ ಎಷ್ಟು ತಗ್ಗಿ, ಅವನು ಉಸಿರು ತೆಗೆದುಕೊಳ್ಳುವಾಗ ಎಷ್ಟು ಎದ್ದು ನುಡಿಸುತ್ತಾನೆಂಬುದನ್ನು ಒಂದು ರಾತ್ರಿ ಕುಳಿತು ಗಮನಿಸಿದರೆ ಇದು ತಾನಾಗಿ ತಿದ್ದಿಹೋಗುವ ದೋಷ.

ಇಲ್ಲಿಯವರೆಗೆ ನಮ್ಮ ಕಿವಿಗೆ ಹೊಸದೇನೂ ಬಂದಿಲ್ಲ. ಹೊಸದಾಗಿರುವುದು, ನಿಜವಾಗಿ ಕಲಿಯಬೇಕಾಗಿರುವುದು, ಕೆಳಗಿನ ಕಾರ್ಡುಗಳ ಸಂಚಾರ. ಕಾರ್ಡೆಂದರೆ ಏಕಕಾಲದಲ್ಲಿ ನುಡಿಯುವ ಸ್ವರಗಳ ಗುಚ್ಛ. ನಮ್ಮಲ್ಲಿ ಆಧಾರಶ್ರುತಿ ಕದಲುವುದಿಲ್ಲ. ಬ್ಲೂಸಿನಲ್ಲಿ ಷಡ್ಜ ಕದಲದಿದ್ದರೂ ಅದರ ಕೆಳಗಿನ ನೆಲ ಕದಲುತ್ತದೆ. ಗಿಟಾರಿನ ಐದನೆಯ ತಂತಿಯನ್ನು, ಅಂದರೆ ಪಾಂಢರಿ ಆರನ್ನು, ಷಡ್ಜವೆಂದಿಟ್ಟುಕೊಳ್ಳೋಣ. ಮೊದಲನೆಯ ಸಾಲಿನ ನಾಲ್ಕು ಖಂಡಗಳಲ್ಲಿ ಷಡ್ಜದ ಗುಚ್ಛ. ಎರಡನೆಯ ಸಾಲಿನ ಮೊದಲ ಎರಡು ಖಂಡಗಳಲ್ಲಿ ಮಧ್ಯಮದ ಗುಚ್ಛ, ಉಳಿದೆರಡರಲ್ಲಿ ಮರಳಿ ಷಡ್ಜದ್ದು. ಮೂರನೆಯ ಸಾಲು ಪಂಚಮದ ಗುಚ್ಛದಿಂದ ಆರಂಭವಾಗಿ, ಒಂದು ಖಂಡ ಮಧ್ಯಮದಲ್ಲಿ ನಿಂತು, ಕಡೆಯ ಎರಡು ಖಂಡಗಳಲ್ಲಿ ಷಡ್ಜಕ್ಕೆ ಇಳಿಯುತ್ತದೆ. ಮೂರು ಆವರ್ತನಗಳ ಮೂರು ಸಮಗಳಲ್ಲಿ ಕ್ರಮವಾಗಿ ಷಡ್ಜ, ಮಧ್ಯಮ, ಪಂಚಮ. ಇಷ್ಟನ್ನು ನೆನಪಿಟ್ಟರೆ ಹನ್ನೆರಡು ಖಂಡಗಳನ್ನು ಬೆರಳಿನಲ್ಲಿ ಎಣಿಸುತ್ತ ಕೂರಬೇಕಾಗಿಲ್ಲ.

ಈಗ ಗುಚ್ಛಗಳೊಳಗಿನ ಸ್ವರಗಳನ್ನು ಬಿಡಿಸಿ ನೋಡಬೇಕು. ಷಡ್ಜದ ಗುಚ್ಛದಲ್ಲಿ ಷಡ್ಜ, ಶುದ್ಧ ಗಾಂಧಾರ, ಪಂಚಮ, ಕೋಮಲ ನಿಷಾದ. ಮಧ್ಯಮದ ಗುಚ್ಛದಲ್ಲಿ ಮಧ್ಯಮ, ಶುದ್ಧ ಧೈವತ, ಷಡ್ಜ, ಕೋಮಲ ಗಾಂಧಾರ. ಪಂಚಮದ ಗುಚ್ಛದಲ್ಲಿ ಪಂಚಮ, ಶುದ್ಧ ನಿಷಾದ, ಋಷಭ, ಮಧ್ಯಮ. ಮೊದಲನೆಯದಕ್ಕೆ ಒಪ್ಪುವ ಥಾಟ ಖಮಾಜ, ಎರಡನೆಯದಕ್ಕೆ ಕಾಫಿ, ಮೂರನೆಯದಕ್ಕೆ ಬಿಲಾವಲ. ಖಮಾಜಕ್ಕೂ ಕಾಫಿಗೂ ಗಾಂಧಾರವೊಂದರಲ್ಲಿ ಮಾತ್ರ ಭೇದ. ಖಮಾಜಕ್ಕೂ ಬಿಲಾವಲಕ್ಕೂ ನಿಷಾದವೊಂದರಲ್ಲಿ ಮಾತ್ರ. ಏಳು ನಕ್ಷೆಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಹನ್ನೆರಡು ಖಂಡಗಳ ಬ್ಲೂಸಿನಲ್ಲಿ ಬೇಕಾಗಿರುವುದು ಎರಡು ಗಾಂಧಾರ, ಎರಡು ನಿಷಾದ, ಅವುಗಳ ಸಮಯಜ್ಞಾನ.

ಪಾಶ್ಚಾತ್ಯ ಪಠ್ಯಗಳು ಇದನ್ನೇ ಬೇರೊಂದು ಬಗೆಯಿಂದ ಹೇಳುತ್ತವೆ. ಮಧ್ಯಮದ ಗುಚ್ಛ ಬಂದಾಗ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಮಿಕ್ಸೋಲಿಡಿಯನ್ ನುಡಿಸಬೇಕು, ಪಂಚಮದ್ದು ಬಂದಾಗ ಪಂಚಮವನ್ನು ಷಡ್ಜ ಮಾಡಿಕೊಂಡು ಮತ್ತೆ ಮಿಕ್ಸೋಲಿಡಿಯನ್ ನುಡಿಸಬೇಕು ಎಂಬುದು ಅವುಗಳ ಬೋಧೆ. ಲೆಕ್ಕದಲ್ಲಿ ತಪ್ಪಿಲ್ಲ. ಕಾಫಿಯ ಮಧ್ಯಮದಿಂದ ಹೊರಟರೆ ಖಮಾಜವೂ, ಬಿಲಾವಲದ ಪಂಚಮದಿಂದ ಹೊರಟರೆ ಖಮಾಜವೂ ಹುಟ್ಟುತ್ತವೆಂಬುದು ಮೂರ್ಛನಾಶಾಸ್ತ್ರದ ಮೊದಲನೆಯ ಪಾಠ. ಜಾಝ್‌ನಂತೆ ಗುಚ್ಛಗಳು ಕ್ಷಣಕ್ಷಣಕ್ಕೆ ಬದಲಾಗುವ ಸಂಗೀತದಲ್ಲಿ ಈ ಕ್ರಮ ಅನುಕೂಲವೂ ಇರಬಹುದು. ಆದರೆ ನಿಧಾನಗತಿಯ ಬ್ಲೂಸಿನಲ್ಲಿ, ಅದರಲ್ಲಿಯೂ ಆಧಾರಶ್ರುತಿಯಲ್ಲಿ ಬೆಳೆದ ಕಿವಿಗೆ, ಇದು ಕೈಯಲ್ಲಿದ್ದುದನ್ನು ಚೆಲ್ಲಿ ಕೆರೆಗೆ ಹೋದಂತೆ. ಮೂರು ಸಲ ಷಡ್ಜವನ್ನು ಬದಲಿಸಿದ ವಿದ್ಯಾರ್ಥಿ ಮೂರು ಬೇರೆ ಪದಗಳ ತುಣುಕುಗಳನ್ನು ನುಡಿಸುತ್ತಾನೆ. ಷಡ್ಜವನ್ನು ಬಿಡದೆ ಗಾಂಧಾರವನ್ನು ಬದಲಿಸಿದವನು ಒಂದೇ ಪದದ ಮೂರು ಸಾಲುಗಳನ್ನು ನುಡಿಸುತ್ತಾನೆ. ಪ್ರಸ್ತುತ ಲೇಖಕನ ಒಲವು ಎರಡನೆಯದರ ಕಡೆಗೆ ಎಂಬುದನ್ನು ಬಚ್ಚಿಡುವ ಕಾರಣವಿಲ್ಲ. ಮೈಲ್ಸ್ ಡೇವಿಸ್ 1959ರಲ್ಲಿ ಮುದ್ರಿಸಿದ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆಯಲ್ಲಿ ‘ಆಲ್ ಬ್ಲೂಸ್’ ಎಂಬುದನ್ನು ಕೇಳಿ ನೋಡಬಹುದು. ಅದು ಹನ್ನೆರಡು ಖಂಡಗಳ ಬ್ಲೂಸೇ. ಐದನೆಯ ಖಂಡದಲ್ಲಿ ಕೆಳಗಿನ ಮಂದ್ರದ ನಡೆ ಇದ್ದಲ್ಲಿಯೇ ಇರುತ್ತದೆ. ಮೇಲಿನ ತುತ್ತೂರಿಗಳಲ್ಲಿ ಶುದ್ಧ ಗಾಂಧಾರ ಹೋಗಿ ಕೋಮಲ ಗಾಂಧಾರ ಬರುತ್ತದೆ. ಖಮಾಜದಿಂದ ಕಾಫಿಗೆ ಒಂದೇ ಹೆಜ್ಜೆ.

ಹಾಗಾದರೆ ಬ್ಲೂಸಿನ ಹಳೆಯ ವಾದಕರಿಗೆ ಈ ಥಾಟಗಳ ವಿಚಾರವೆಲ್ಲ ಗೊತ್ತಿತ್ತೇ ಎಂದು ಕೇಳಬಹುದು. ಅವರಲ್ಲಿ ಅನೇಕರಿಗೆ ಮೋಡ್‌ಗಳ ಹೆಸರೇ ಬೇಕಾಗಿರಲಿಲ್ಲ. ಅವರ ಕೈಯ ಮೂಲ ಬಂಡವಾಳ ಐದು ಸ್ವರಗಳು: ಷಡ್ಜ, ಕೋಮಲ ಗಾಂಧಾರ, ಮಧ್ಯಮ, ಪಂಚಮ, ಕೋಮಲ ನಿಷಾದ. ಇದು ನಮ್ಮ ಧಾನಿ ರಾಗದ ಸ್ವರಸಮುದಾಯ. ಮೂರೂ ಗುಚ್ಛಗಳ ಮೇಲೆ ಈ ಐದನ್ನೇ ನುಡಿಸಿ ಆಯುಷ್ಯ ಕಳೆದ ದೊಡ್ಡ ವಾದಕರಿದ್ದಾರೆ. ಆದುದರಿಂದ ಅಭ್ಯಾಸ ಇಲ್ಲಿಂದಲೇ ಆರಂಭವಾಗತಕ್ಕದ್ದು. ವಿಚಾರ ಮಾಡಬೇಕಾದ ಸಂಗತಿಯೆಂದರೆ ಎರಡು ಗಾಂಧಾರಗಳ ಅಧಿಕಾರ ಸಮನಾಗಿಲ್ಲ. ಷಡ್ಜದ ಗುಚ್ಛದಲ್ಲಿ ಶುದ್ಧ ಗಾಂಧಾರ ಮೊಳಗುತ್ತಿರುವಾಗ ಮೇಲೆ ಕೋಮಲ ಗಾಂಧಾರವನ್ನು ನುಡಿಸಿದರೆ ಉಂಟಾಗುವ ತಿಕ್ಕಾಟವನ್ನು ಬ್ಲೂಸಿನ ಕಿವಿ ದೋಷವೆಂದು ಎಣಿಸುವುದಿಲ್ಲ. ಆ ಹಾಡಿಕೆಯ ಅಳಲೆಲ್ಲ ಅದರಲ್ಲಿಯೇ ಇದೆ. ಆದರೆ ಮಧ್ಯಮದ ಗುಚ್ಛದಲ್ಲಿ ಕೋಮಲ ಗಾಂಧಾರ ಮೊಳಗುತ್ತಿರುವಾಗ ಮೇಲೆ ಶುದ್ಧ ಗಾಂಧಾರವನ್ನು ಹಿಡಿದು ನಿಂತರೆ ಅದು ಬರಿಯ ಅಪಸ್ವರ. ಕೋಮಲ ಗಾಂಧಾರಕ್ಕೆ ಮೂರೂ ಮನೆಯಲ್ಲಿ ಪ್ರವೇಶವುಂಟು, ಶುದ್ಧ ಗಾಂಧಾರಕ್ಕೆ ಮಧ್ಯಮದ ಮನೆಯಲ್ಲಿ ಇಲ್ಲ. ಐದು ಸ್ವರಗಳಲ್ಲಿ ಕೈ ಪಳಗಿದವನು ಕೆಡುವುದು ಶುದ್ಧ ಗಾಂಧಾರವನ್ನು ಕಲಿತ ಮೇಲೆಯೇ. ಕಲಿತ ಹೊಸದರಲ್ಲಿ ಐದನೆಯ ಖಂಡದಲ್ಲಿಯೂ ಅದನ್ನು ಬಿಡಲು ಅವನಿಗೆ ಮನಸ್ಸಾಗುವುದಿಲ್ಲ.

ನಮ್ಮ ರಾಗಪದ್ಧತಿಯಲ್ಲಿಯೂ ಎರಡು ಗಾಂಧಾರಗಳು ಕೂಡಿ ಬಾಳುವುದುಂಟು. ಜೋಗ ರಾಗದಲ್ಲಿ ಶುದ್ಧ ಗಾಂಧಾರದ ಜೊತೆಗೆ, ಷಡ್ಜಕ್ಕೆ ಇಳಿಯುವಾಗ, ಕೋಮಲ ಗಾಂಧಾರ ಬರುತ್ತದೆ. ಜೊತೆಗೆ ಮಧ್ಯಮ, ಪಂಚಮ, ಕೋಮಲ ನಿಷಾದ. ಬ್ಲೂಸ್ ಕೇಳಿದ ಹಿಂದುಸ್ತಾನಿ ರಸಿಕರಿಗೆ ಮೊದಲು ನೆನಪಾಗುವ ರಾಗ ಇದು. ಆದರೆ ಜೋಗದಲ್ಲಿ ಯಾವ ಗಾಂಧಾರವೆಂಬುದನ್ನು ನಿರ್ಣಯಿಸುವುದು ನಡೆಯ ದಿಕ್ಕು. ಬ್ಲೂಸಿನಲ್ಲಿ ನಿರ್ಣಯಿಸುವುದು ಆವರ್ತನದಲ್ಲಿಯ ಸ್ಥಾನ. ಜೋಗವನ್ನು ಬಲ್ಲವನು ಅದನ್ನೇ ಬ್ಲೂಸಿನ ಮೇಲೆ ಹೊದಿಸಿದರೆ ಮೊದಲ ನಾಲ್ಕು ಖಂಡಗಳಲ್ಲಿ ಸೈ ಎನ್ನಿಸಿಕೊಂಡು ಐದನೆಯದರಲ್ಲಿ ಮುಗ್ಗರಿಸುತ್ತಾನೆ. ರಾಗವನ್ನೂ ಮೋಡನ್ನೂ ಸರಿಗಟ್ಟಿ ಕೋಷ್ಟಕ ಬರೆಯುವವರು ಈ ಭೇದವನ್ನು ಅಲಕ್ಷಿಸಬಾರದು. ಗಿಟಾರಿನ ಮೇಲೆ ಎರಡೂ ಪರಂಪರೆಗಳು ಎದುರುಬದುರಾಗಿ ಕುಳಿತ ಪ್ರಸಂಗವನ್ನು ಕೇಳಬೇಕೆಂಬವರಿಗೆ ವಿಶ್ವಮೋಹನ ಭಟ್ಟರೂ ರೈ ಕೂಡರ್ ಎಂಬ ಅಮೇರಿಕದ ವಾದಕನೂ ಕೂಡಿ ನುಡಿಸಿ 1993ರಲ್ಲಿ ಹೊರತಂದ ‘ಎ ಮೀಟಿಂಗ್ ಬೈ ದ ರಿವರ್’ ದೊರೆಯುತ್ತದೆ.

ಇನ್ನು ಅಭ್ಯಾಸಕ್ರಮ. ಐದನೆಯ ತಂತಿಯನ್ನು ಒತ್ತದೆ ಮೀಟಿ ಷಡ್ಜವಾಗಿ ಮೊಳಗಲು ಬಿಡಬೇಕು. ಜೊತೆಗೊಬ್ಬ ಗೆಳೆಯ ಪೇಟಿಯಲ್ಲಿ ಷಡ್ಜ ಪಂಚಮಗಳನ್ನು ಒತ್ತಿ ಹಿಡಿದರೆ ಮತ್ತೂ ಒಳ್ಳೆಯದು. ಫ್ರೆಟ್ ಎಂದು ಕರೆಯಲ್ಪಡುವ ಮೆಟ್ಟುಗಳಲ್ಲಿ ಐದನೆಯದರ ಸುತ್ತ ಕೈಯನ್ನು ನಿಲ್ಲಿಸಿದರೆ ಧಾನಿಯ ಸ್ವರಗಳೆಲ್ಲ ಬೆರಳಿಗೆ ಸಿಗುತ್ತವೆ: ನಾಲ್ಕನೆಯ ತಂತಿಯ ಐದನೆಯ ಮೆಟ್ಟಿನಲ್ಲಿ ಕೋಮಲ ನಿಷಾದ, ಏಳರಲ್ಲಿ ಷಡ್ಜ, ಮೂರನೆಯ ತಂತಿಯ ಐದರಲ್ಲಿ ಕೋಮಲ ಗಾಂಧಾರ, ಏಳರಲ್ಲಿ ಮಧ್ಯಮ, ಎರಡನೆಯ ತಂತಿಯ ಐದರಲ್ಲಿ ಪಂಚಮ, ಎಂಟರಲ್ಲಿ ಕೋಮಲ ನಿಷಾದ. ಮೊದಲು ಈ ಸ್ವರಗಳನ್ನು ಬಾಯಿಯಿಂದ ಹಾಡಿ ಅನಂತರ ನುಡಿಸಬೇಕು. ಹಾಡಲಾರದುದನ್ನು ನುಡಿಸಬಾರದೆಂಬ ನಿಯಮವನ್ನು ಒಂದು ತಿಂಗಳ ಮಟ್ಟಿಗಾದರೂ ಪಾಲಿಸುವುದು ಲೇಸು.

ತರುವಾಯ ಮೂರನೆಯ ತಂತಿಯ ಆರನೆಯ ಮೆಟ್ಟು, ಅಂದರೆ ಶುದ್ಧ ಗಾಂಧಾರ. ಐದರ ಮೇಲೆ ಮೀಟಿ ಆರರ ಮೇಲೆ ಬೆರಳನ್ನು ಕುಟ್ಟಿದರೆ ಕೋಮಲದಿಂದ ಶುದ್ಧಕ್ಕೆ ಏರಿದಂತಾಗುತ್ತದೆ. ಮೊದಲನೆಯ ಸಾಲಿನ ಉತ್ತರವನ್ನು ಈ ಏರಿಕೆಯಿಂದ ಷಡ್ಜಕ್ಕೆ ತಂದು ಮುಗಿಸಬೇಕು. ಎರಡನೆಯ ಸಾಲಿನ ಸಮದಲ್ಲಿ ಕೈ ಐದನೆಯ ಮೆಟ್ಟಿನಲ್ಲಿಯೇ ನಿಲ್ಲಬೇಕು. ಮಧ್ಯಮದ ಗುಚ್ಛದ ಜೀವಸ್ವರವಾದ ಶುದ್ಧ ಧೈವತ ಎರಡನೆಯ ತಂತಿಯ ಏಳರಲ್ಲಿದೆ. ಪಂಚಮದ ಗುಚ್ಛಕ್ಕೆ ಬೇಕಾದ ಶುದ್ಧ ನಿಷಾದ ನಾಲ್ಕನೆಯ ತಂತಿಯ ಆರರಲ್ಲಿ. ಒಂದು ವಾರ ಗಾಂಧಾರವನ್ನಷ್ಟೇ ಬದಲಿಸುತ್ತ, ನಿಷಾದವನ್ನು ಕೋಮಲದಲ್ಲಿಯೇ ಇಟ್ಟು ಅಭ್ಯಾಸ ಮಾಡಬೇಕು. ಶುದ್ಧ ನಿಷಾದ ಒಂಬತ್ತನೆಯ ಖಂಡವೊಂದರಲ್ಲಿ ಮಾತ್ರ ಬಂದುಹೋಗುವ ಅತಿಥಿ; ಹಳೆಯ ಬ್ಲೂಸ್ ವಾದಕರಲ್ಲಿ ಅದನ್ನು ಕರೆಯದೆಯೇ ಕೆಲಸ ಸಾಗಿಸಿದವರು ಬಹಳ. ಖಮಾಜ ರಾಗದಲ್ಲಿ ಏರುವಾಗ ಶುದ್ಧ, ಇಳಿಯುವಾಗ ಕೋಮಲ ನಿಷಾದವನ್ನು ಹಾಡಿದವರಿಗೆ ಇದು ಕಷ್ಟವಾಗದು.

ಎಲ್ಲ ಬ್ಲೂಸಿಗೂ ಈ ಕ್ರಮ ಸಲ್ಲುತ್ತದೆಂದು ಮಾತ್ರ ತಿಳಿಯಬಾರದು. ಬಿ. ಬಿ. ಕಿಂಗ್ 1969ರಲ್ಲಿ ಹಾಡಿದ ‘ದ ಥ್ರಿಲ್ ಈಸ್ ಗಾನ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರಲ್ಲಿ ಷಡ್ಜದ ಗುಚ್ಛದಲ್ಲಿಯೇ ಕೋಮಲ ಗಾಂಧಾರವಿದೆ, ಮಧ್ಯಮದ ಗುಚ್ಛದಲ್ಲಿ ಕೋಮಲ ಧೈವತವಿದೆ. ಆದುದರಿಂದ ಅಲ್ಲಿ ಕಾಫಿ ಸಲ್ಲದು. ಅದು ಆಸಾವರಿಯ ನೆಲ. ಗಾಂಧಾರದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ, ಧೈವತದ್ದು ಏಳುತ್ತದೆ. ಯಾವ ಪದವೇ ಆಗಲಿ, ನುಡಿಸುವುದಕ್ಕೆ ಮೊದಲು ಮಧ್ಯಮದ ಗುಚ್ಛವನ್ನು ಕಿವಿಗೊಟ್ಟು ಕೇಳಿ ಧೈವತ ಯಾವುದೆಂಬುದನ್ನು ಗೊತ್ತುಪಡಿಸಿಕೊಂಡರೆ ಥಾಟದ ನಿರ್ಣಯ ಅರ್ಧ ಮುಗಿದಂತೆ.

ಪೇಟಿಯ ನೆರವಿಗೂ ಒಂದು ಮಿತಿಯುಂಟು. ಆಕಾಶವಾಣಿಯು ಹಾರ್ಮೋನಿಯಮ್ಮನ್ನು 1940ರಿಂದ 1971ರವರೆಗೆ ದೂರವಿಟ್ಟಿತ್ತು. ಅದರ ಮನೆಗಳ ನಡುವೆ ಸ್ವರವಿಲ್ಲ, ಮೀಂಡವಿಲ್ಲ ಎಂಬುದು ಆಗ ಅದರ ಮೇಲಿದ್ದ ಆಕ್ಷೇಪಗಳಲ್ಲಿ ಮುಖ್ಯವಾದುದು. ಬಹಿಷ್ಕಾರ ಅತಿಯಾಯಿತೆಂದರೂ ಆಕ್ಷೇಪ ಸುಳ್ಳಲ್ಲ. ಬ್ಲೂಸಿನ ಗಾಂಧಾರ ಅನೇಕ ವೇಳೆ ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಎರಡರ ನಡುವೆ ತೂಗಾಡುತ್ತದೆ. ಗಿಟಾರ್ ವಾದಕನು ಮೂರನೆಯ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿ ಪಕ್ಕಕ್ಕೆ ತುಸು ಎಳೆಯುತ್ತಾನೆ; ಬಿಗಿ ಹೆಚ್ಚಿ ಸ್ವರ ಮೇಲಕ್ಕೆ ತೇಲುತ್ತದೆ. ಸಿತಾರದ ಮೀಂಡವೂ ಇದೇ, ಚೌಡಿಕೆಯ ತಂತಿಯ ಜಗ್ಗಾಟವೂ ಇದೇ. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿ ಮಾಳವದ ದೇವಾಸದಲ್ಲಿ ನೆಲಸಿದ ಕುಮಾರ ಗಂಧರ್ವರು ಅಲ್ಲಿಯ ಹಳ್ಳಿಗರ ಧುನ್‌ಗಳಿಂದ ರಾಗಗಳನ್ನು ಎತ್ತಿ ತೋರಿಸಿ ಅವನ್ನು ‘ಧುನ್-ಉಗಮ ರಾಗ’ಗಳೆಂದು ಕರೆದರು. ಅವರು ಹುಟ್ಟಿದ ಜಿಲ್ಲೆಯ ಚೌಡಿಕೆ ಪದಗಳಿಗೂ ಅಂಥ ಕಿವಿ ದೊರೆಯಬೇಕಾಗಿತ್ತೆಂದು ಅನ್ನಿಸುವುದು ಸಹಜ.

ರಾಮದುರ್ಗದ ಆ ವಿದ್ಯಾರ್ಥಿ ಹನ್ನೆರಡು ಖಂಡಗಳಲ್ಲಿ ಗಾಂಧಾರವನ್ನು ತಪ್ಪದೆ ಬದಲಿಸಲು ಸುಮಾರು ಎರಡು ತಿಂಗಳು ಹಿಡಿಯಿತು. ಅನಂತರ ಒಂದು ದಿನ ಎಲ್ಲಮ್ಮನ ಪದವೊಂದರ ಧ್ವನಿಮುದ್ರಣವನ್ನು ಕೇಳುತ್ತ, ಚೌಡಿಕೆಯ ಉತ್ತರಗಳನ್ನು ಗಿಟಾರಿನಲ್ಲಿ ಹಿಡಿಯಲು ಕುಳಿತನು. ಷ‍ಡ್ಜ ಪಂಚಮಗಳು ಕೂಡಲೇ ಸಿಕ್ಕವು. ಗಾಂಧಾರ ಐದನೆಯ ಮೆಟ್ಟಿನಲ್ಲಿ ತಗ್ಗಾಯಿತು, ಆರರಲ್ಲಿ ಹೆಚ್ಚಾಯಿತು. ಐದರಲ್ಲಿ ಒತ್ತಿ ಎಳೆದಾಗ ಒಂದು ಸಲ ಕೂಡಿಬಂದಿತು. ಮರುಸಾಲಿನಲ್ಲಿ ಚೌಡಿಕೆಯ ಗಾಂಧಾರ ಇನ್ನೂ ಒಂದು ಕೂದಲೆಳೆಯಷ್ಟು ಮೇಲೆ ಸರಿದಿತ್ತು. ಅವನು ಮತ್ತೆ ಮೊದಲಿನಿಂದ ಹಚ್ಚಿದನು.